ನನ್ನ ತಂಗಿಗೆ ಫೋನ್ ಮಾಡಿ ಅಂತ ನಿಮಗೆ ಹೇಳಿದ್ದು ಯಾರು?

ಕಸ್ಟಮರ್ ಕೇರ್ ಮುಖ್ಯಸ್ಥರಿಗೆ,
ಎನ್‌ಆರ್‌ಐ ಪ್ರಾಪರ್ಟಿ ವಿಭಾಗ, ಬೆಂಗಳೂರು

ವಿಷಯ: ಪೌತಿ ಖಾತೆ (ತೀರಿಕೊಂಡವ್ರ ಆಸ್ತಿ ದಾಖಲೆಯನ್ನ ವಾರಸುದಾರರ ಹೆಸರಿಗೆ ಮಾಡ್ಸೋದು) ಪ್ಯಾಕೇಜಿಗೆ ಕಟ್ಟಿದ 48,000 ರೂಪಾಯಿ, ನಿಮ್ಮ ಹತ್ರ ಉಳಿದಿರೋ ಅಸಲು ಕಾಗದಪತ್ರ, ಮತ್ತೆ ನನ್ನ ತಂಗಿಗೆ ನೀವು ಬರೆದು ಕೊಡಬೇಕಾದ ಒಂದು ಪತ್ರ

ನಮಸ್ಕಾರ,

ಇದು ನಾನು ನಿಮಗೆ ಕಳಿಸ್ತಾ ಇರೋ ಒಂಬತ್ತನೇ ಮೇಲ್. ಹಿಂದಿನ ಎಂಟಕ್ಕೂ ಒಂದೇ ಉತ್ತರ ಬಂದಿದೆ, ಸಂಬಂಧಪಟ್ಟ ಟೀಮಿಗೆ ಕಳಿಸಿದ್ದೇವೆ ಅಂತ. ಆ ಟೀಮು ಯಾರು, ಎಲ್ಲಿದ್ದಾರೆ, ಇದ್ದಾರೋ ಇಲ್ವೋ ಅಂತ ಇವತ್ತಿಗೂ ಗೊತ್ತಾಗ್ಲಿಲ್ಲ. ಆ ಎಂಟನ್ನೂ ಇಂಗ್ಲಿಷಲ್ಲಿ ಬರೆದಿದ್ದೆ, ಈ ಸಲ ಕನ್ನಡದಲ್ಲೇ ಬರೀತಿದ್ದೇನೆ, ಯಾಕಂದ್ರೆ ಪೌತಿ, ಪಹಣಿ, ಬೆಟ್ಟ, ವಂಶವೃಕ್ಷ ಇದ್ಯಾವುದನ್ನೂ ಇಂಗ್ಲಿಷಲ್ಲಿ ಹೇಳಿ ಪ್ರಯೋಜನ ಇಲ್ಲ ಅಂತ ಈ ಹತ್ತು ತಿಂಗಳಲ್ಲಿ ಗೊತ್ತಾಗಿದೆ, ಮತ್ತೆ "ನಿಮ್ಮ ಊರಿನ ಭಾಷೆಯಲ್ಲೇ ಸೇವೆ" ಅಂತ ಜಾಹೀರಾತು ಹಾಕ್ಕೊಂಡವ್ರು ನೀವೇ.

ನಾನಿರೋದು ಜರ್ಮನಿಯ ನ್ಯೂರೆಂಬರ್ಗಲ್ಲಿ, ಊರು ಶಿರಸಿಯಿಂದ ಹದಿನೈದು ಕಿಲೋಮೀಟರ್ ಒಳಗೆ. 2024ರ ಅಕ್ಟೋಬರಲ್ಲಿ ಅಪ್ಪಯ್ಯ ತೀರಿಕೊಂಡ್ರು. ಕ್ರಿಯೆ ಎಲ್ಲ ಮುಗಿಸಿ ಉಸಿರು ಬಿಡೋ ಹೊತ್ತಿಗೆ ನನ್ನ ರಜೆ ಉಳಿದದ್ದು ನಾಕೇ ದಿನ, ಅದ್ರಲ್ಲಿ ಎರಡು ದಿನ ಸರ್ಕಾರಿ ಆಫೀಸಿಗೇ ರಜೆ. ಮರಣ ಪ್ರಮಾಣಪತ್ರ ಒಂದು ಕೈಗೆ ಬಂತು, ಉಳಿದದ್ದು ಹಾಗೇ ಉಳೀತು. ಅಪ್ಪಯ್ಯನ ಹೆಸರಲ್ಲಿ ಇದ್ದದ್ದು ಒಂದು ಎಕರೆ ಹದಿನೆಂಟು ಗುಂಟೆ ಅಡಿಕೆ ತೋಟ, ಆ ತೋಟಕ್ಕೆ ಸೊಪ್ಪು ತರ್ಲಿಕ್ಕೆ ಬಿಟ್ಟ ಬೆಟ್ಟ, ಪಂಚಾಯ್ತಿ ಲೆಕ್ಕದಲ್ಲಿ ಮನೆ. ವಾರಸುದಾರರು ಮೂರೇ ಜನ, ಆಯಿ (ಅಮ್ಮ), ನಾನು, ಕುಮಟೆಗೆ ಕೊಟ್ಟ ತಂಗಿ. ತಕರಾರು ಇಲ್ಲ, ಕೋರ್ಟು ಕಚೇರಿ ಇಲ್ಲ. ಇದಕ್ಕಿಂತ ಸಸಾರದ ಕೆಲಸ ನಿಮಗೆ ಸಿಕ್ಕಿರ್ಲಿಕ್ಕಿಲ್ಲ.

2025ರ ಜನವರಿಯಲ್ಲಿ ನಿಮ್ಮ ಪ್ಯಾಕೇಜು ತಗೊಂಡೆ. ಮೂರು ತಿಂಗಳಲ್ಲಿ ಮೂರೂ ಜನರ ಹೆಸರಿಗೆ ಪಹಣಿ, ಮನೆಗೆ ಪಂಚಾಯ್ತಿಯ ಇ-ಸ್ವತ್ತು ದಾಖಲೆ, ಎಲ್ಲ ನಾವೇ ಮಾಡಿಸ್ತೇವೆ ನೀವು ಅಲ್ಲೇ ಆರಾಮ ಇರಿ ಅಂತ ಹೇಳಿದ್ರಿ. ಅಲ್ಲಿಂದ ನಾನು ಆರಾಮ ಇದ್ದದ್ದು ಬಹುಶಃ ಎರಡು ವಾರ.

ಮೊದಲ ಸೂಚನೆ ಬಂತು, ಜಿಪಿಎ (ನನ್ನ ಪರವಾಗಿ ಊರಲ್ಲಿ ಕೆಲಸ ಮಾಡ್ಲಿಕ್ಕೆ ಒಬ್ರಿಗೆ ಕೊಡೋ ಅಧಿಕಾರ ಪತ್ರ) ನೋಟರಿ ಮಾಡ್ಸಿ ಅಪೋಸ್ಟಿಲ್ (ಕಾಗದ ಬೇರೆ ದೇಶದಲ್ಲೂ ನಡೆಯೋ ಹಾಗೆ ಹಾಕೋ ಸರ್ಕಾರಿ ಮುದ್ರೆ) ಹಾಕ್ಸಿ ಕಳಿಸಿ ಅಂತ. ಇಲ್ಲಿಯ ನೋಟರಿ ಅಂದ್ರೆ ನಮ್ಮ ತಾಲೂಕು ಆಫೀಸಿನ ಎದುರು ಸೀಲು ಹಿಡ್ಕೊಂಡು ಕೂತವ್ರ ಹಾಗಲ್ಲ ಮಾರಾಯ್ರೆ, ಅಪಾಯಿಂಟ್‌ಮೆಂಟ್ ಸಿಗ್ಲಿಕ್ಕೇ ಮೂರು ವಾರ ಬೇಕು, ಬಿಲ್ಲು ನೋಡಿದ್ರೆ ತಲೆ ತಿರುಗ್ತದೆ. ಅದಾಗಿ ಅಪೋಸ್ಟಿಲಿಗೆ ಕೋರ್ಟಿಗೆ ಹೋದ್ರೆ ಅಲ್ಲಿಯವರು ಕೇಳಿದ ಮೊದಲ ಪ್ರಶ್ನೆ ಯಾವ ದೇಶಕ್ಕೆ ಅಂತ, ಇಂಡಿಯಾ ಅಂದ ಕೂಡ್ಲೆ ಆಗೋದಿಲ್ಲ ಅಂದ್ರು. ಭಾರತ 2005ರಲ್ಲಿ ಅಪೋಸ್ಟಿಲಿನ ಹೇಗ್ ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಆಕ್ಷೇಪ ಹಾಕಿತ್ತಂತೆ, ಹಾಗಾಗಿ ಈ ಎರಡು ದೇಶದ ಮಧ್ಯೆ ಅಪೋಸ್ಟಿಲ್ ನಡೆಯೋದಿಲ್ಲ. ಇದು ನನಗೆ ಗೊತ್ತಿಲ್ದೇ ಇರೋದು ಸಹಜ, ನಾನು ಮಾಡೋದು ಮಷೀನಿನ ಡಿಸೈನ್ ಕೆಲಸ. ಎನ್‌ಆರ್‌ಐ ಕಾಗದಪತ್ರವನ್ನೇ ಹೊಟ್ಟೆಪಾಡು ಮಾಡ್ಕೊಂಡ ನಿಮಗೆ ಗೊತ್ತಿಲ್ಲ ಅಂದ್ರೆ ಹೇಗೆ? ನಮ್ಮದೇ 1908ರ ನೋಂದಣಿ ಕಾಯ್ದೆಯ 33ನೇ ಕಲಮಲ್ಲಿ ಹೊರದೇಶದಲ್ಲಿ ಇರುವವ್ರು ಭಾರತದ ಕಾನ್ಸುಲ್ ಎದುರು ಸಹಿ ಮಾಡಿ ದೃಢೀಕರಣ ಮಾಡಿಸ್ಬಹುದು ಅಂತ ಇದೆ. ಕೊನೆಗೆ ಮಾರ್ಚಲ್ಲಿ ಒಂದು ದಿನ ರಜೆ ಹಾಕಿ ಮ್ಯೂನಿಕ್ಕಿನ ಕಾನ್ಸುಲೇಟಿಗೆ ಹೋದೆ, ಮಧ್ಯಾಹ್ನದ ಒಳಗೆ ಕೆಲಸ ಆಯ್ತು. ನೋಟರಿಗೆ ಕೊಟ್ಟ ದುಡ್ಡು ನಿಮ್ಮ ಲೆಕ್ಕಕ್ಕೆ, ರಸೀದಿ ಲಗತ್ತಿಸಿದ್ದೇನೆ.

ಆ ಜಿಪಿಎ ಏಪ್ರಿಲ್ 4ಕ್ಕೆ ನಿಮ್ಮ ಬೆಂಗಳೂರು ಆಫೀಸಿಗೆ ಮುಟ್ಟಿದೆ, ಕೊರಿಯರ್‌ನವನ ಸಹಿ ಸಮೇತ ದಾಖಲೆ ಇದೆ. ಹೊರಗಿಂದ ಬಂದ ಇಂಥ ಪತ್ರಕ್ಕೆ ಅದು ರಾಜ್ಯಕ್ಕೆ ಬಂದ ಮೂರು ತಿಂಗಳ ಒಳಗೆ ಸ್ಟಾಂಪ್ ಶುಲ್ಕ ಕಟ್ಟಿಸಬೇಕು, ಕರ್ನಾಟಕ ಸ್ಟಾಂಪ್ ಕಾಯ್ದೆಯಲ್ಲೇ ಇರೋ ಮಾತು. ನೀವು ಅದನ್ನ ಕವರಲ್ಲೇ ಇಟ್ಕೊಂಡು ಜುಲೈ ಕೊನೆಗೆ ಶಿರಸಿಗೆ ಕಳಿಸಿದ್ರಿ, ನನ್ನ ಚಿಕ್ಕಪ್ಪನ ಮಗನಿಗೆ. ಅವನೇ ನನ್ನ ಪವರ್ ಹೋಲ್ಡರ್. ಶಿರಸಿ ಸಬ್‌ರಿಜಿಸ್ಟ್ರಾರ್ ಆಫೀಸಲ್ಲೇ ಆಗ್ತದೆ ಅಂತ ಅವನಿಗೆ ಹೇಳಿದ್ರಿ. ಅಲ್ಲಿ ಹೋದ್ರೆ ಇದು ಕಾರವಾರಕ್ಕೆ, ಜಿಲ್ಲಾ ನೋಂದಣಾಧಿಕಾರಿ ಹತ್ರ ಅಂದ್ರು. ಬೆಂಗಳೂರಲ್ಲಿ ಕೂತವ್ರಿಗೆ ಶಿರಸಿ ಕಾರವಾರ ಎಲ್ಲ ಒಂದೇ ಜಿಲ್ಲೆ, ಪಕ್ಕಪಕ್ಕದ ಬೀದಿ ಅನ್ನೋ ಕಲ್ಪನೆ ಇರ್ಬಹುದು. ಮಧ್ಯೆ ನೂರು ಕಿಲೋಮೀಟರಿನ ಮೇಲೆ ದಾರಿ ಇದೆ, ಘಟ್ಟ ಇಳೀಬೇಕು, ಅದೂ ಜುಲೈ ಮಳೇಲಿ. ಹೋದ, ಅವಧಿ ಮೀರಿದೆ ಅಂತ ದಂಡ ಸೇರ್ಸಿ ಕಟ್ಟಿ ಬಂದ, ಒಂದು ದಿನ ತೋಟದ ಕೆಲಸ ಬಿಟ್ಟು. ಅವನು ನನ್ನ ಹತ್ರ ಒಂದು ಮಾತೂ ಹೇಳ್ಲಿಲ್ಲ, ನಾನಾಗೇ ಕೇಳಿದ ಮೇಲೆ ರಸೀದಿ ಫೋಟೋ ಕಳಿಸಿದ.

ಇನ್ನು ನಿಮ್ಮ ಸೈಟ್ ವಿಸಿಟ್ ರಿಪೋರ್ಟು. ಹನ್ನೆರಡು ಪುಟ, ಬಣ್ಣಬಣ್ಣದ್ದು. ಮೇ ತಿಂಗಳಲ್ಲಿ ನಿಮ್ಮ ಫೀಲ್ಡ್ ಏಜೆಂಟ್ ತೋಟಕ್ಕೆ ಹೋಗಿ ಬಂದಿದ್ದಾನೆ ಅಂತ ಅದ್ರಲ್ಲಿ ಬರೆದಿದೆ. ಐದು ಫೋಟೋ ಇದೆ, ಐದ್ರಲ್ಲೂ ತೆಂಗಿನ ಮರ, ಕೆಳಗೆ ಬಿಳಿ ಮರಳು. ವಿಡಿಯೋ ಕಾಲಲ್ಲಿ ಆಯಿಗೆ ತೋರಿಸ್ದೆ, ಕನ್ನಡಕ ಹಾಕ್ಕೊಂಡು ಒಂದು ನಿಮಿಷ ನೋಡಿ "ಇದು ನಮ್ಮನೆ ತೋಟ ಅಲ್ದೋ ತಮಾ, ಯಾವ್ದೋ ಘಟ್ಟದ ಕೆಳ್ಗಿಂದು" ಅಂದ್ಳು. ಘಟ್ಟದ ಮೇಲೆ, ಕೆಂಪು ಮಣ್ಣಿನ ಅಡಿಕೆ ತೋಟದಲ್ಲಿ ಸಮುದ್ರದ ಮರಳು ಎಲ್ಲಿಂದ ಬಂತು ಅಂತ ನಿಮ್ಮಲ್ಲಿ ಒಬ್ರಿಗೂ ಅನುಮಾನ ಬರ್ಲಿಲ್ವಾ? ಆ ಸೈಟ್ ವಿಸಿಟಿಗೆ 6,500 ರೂಪಾಯಿ ಬೇರೆ ತೋರ್ಸಿದ್ದೀರಿ. ಪಹಣಿ ಪ್ರಿಂಟಿಗೆ 1,500. ಭೂಮಿ ವೆಬ್‌ಸೈಟಲ್ಲಿ ಸರ್ವೆ ನಂಬರ್ ಹಾಕಿದ್ರೆ ಯಾರಿಗೆ ಬೇಕಾದ್ರೂ ಕಾಣ್ತದೆ, ನಾನು ಇಲ್ಲಿ ಟ್ರಾಮಲ್ಲಿ ಕೂತು ನೋಡ್ತೇನೆ.

ಅದೇ ರಿಪೋರ್ಟಲ್ಲಿ ನಮ್ಮ ಆಸ್ತಿ ಹನ್ನೊಂದು ಎಕರೆ ಚಿಲ್ಲರೆ ಅಂತ ಇದೆ. ಓದಿ ಒಂದು ಕ್ಷಣ ನಾನೇ ಜಮೀನ್ದಾರ ಆದೆ. ನೀವು ಬೆಟ್ಟವನ್ನೂ ಸೇರ್ಸಿ ಕೂಡಿಸಿದ್ದೀರಿ. ಉತ್ತರ ಕನ್ನಡದಲ್ಲಿ ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರ್ಲಿಕ್ಕೆ ಬ್ರಿಟಿಷರ ಕಾಲದಿಂದ ಬಿಟ್ಟ ಜಾಗ ಅದು, ಎಕರೆಗೆ ಒಂಬತ್ತು ಎಕರೆ ಅಂತ ಬಾಯಲ್ಲಿ ಹೇಳೋ ಲೆಕ್ಕ, ಎಲ್ಲರಿಗೂ ಅಷ್ಟು ಸಿಕ್ಕಿಲ್ಲ. ಅದು ತೋಟದ ಜೊತೆ ಬರೋ ಅನುಭೋಗದ ಹಕ್ಕು, ಬೇರೆ ಮಾಡಿ ಮಾರೋ ಸ್ವತ್ತಲ್ಲ. ನಿಮ್ಮ ಎರಡನೇ ಮ್ಯಾನೇಜರ್ (ಹತ್ತು ತಿಂಗಳಲ್ಲಿ ನಾಕು ಜನ ಬದಲಾದ್ರು) ಫೋನ್ ಮಾಡಿ, ಸರ್ ಹಿಲ್ ವ್ಯೂ ಲ್ಯಾಂಡ್ ಇದೆ, ದುಬೈಯಲ್ಲಿರೋ ನಮ್ಮ ಒಬ್ಬ ಎನ್‌ಆರ್‌ಐ ಕ್ಲೈಂಟಿಗೆ ಇಂಟರೆಸ್ಟ್ ಇದೆ ಅಂದ್ರು. ನಾನು ಮಾರ್ತೇನೆ ಅಂತ ಯಾವತ್ತೂ ಹೇಳಿಲ್ಲ. ಹೇಳಿದ್ರೂ ಕೃಷಿ ಜಮೀನನ್ನ ಎನ್‌ಆರ್‌ಐ ಖರೀದಿ ಮಾಡ್ಲಿಕ್ಕೆ ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನಿಯಮದಲ್ಲಿ ಅವಕಾಶ ಇಲ್ಲ, ನಮ್ಮಂಥವರಿಗೆ ಅದು ವಾರಸಿನಿಂದ ಬರ್ಬಹುದು, ಮಾರೋದಾದ್ರೆ ಭಾರತದಲ್ಲೇ ಇರೋ ಭಾರತೀಯರಿಗೆ ಮಾರ್ಬೇಕು. ಕಸ್ಟಮರಿಗೆ ಕಾನೂನು ಹೇಳ್ಬೇಕಾದವ್ರು ನೀವು, ಇಲ್ಲಿ ಉಲ್ಟಾ ಆಗಿದೆ.

ಇಷ್ಟೇ ಆಗಿದ್ರೆ ದುಡ್ಡು ಹೋಯ್ತು ಅಂತ ಸುಮ್ಮನಿರ್ತಿದ್ದೆ, ಖರೆ ಹೇಳ್ತೇನೆ.

ಆಗಸ್ಟಲ್ಲಿ, ಚೌತಿಗೆ ನಾಕು ದಿನ ಇರುವಾಗ, ತಂಗಿ ಫೋನ್ ಮಾಡಿದ್ಲು. ಅಪ್ಪಯ್ಯನ ವರ್ಷಾಂತ (ವರ್ಷದ ಶ್ರಾದ್ಧ) ಆಗ್ದೇ ನಮಗೆ ಆ ಸಲ ಹಬ್ಬ ಇರ್ಲಿಲ್ಲ, ಅದನ್ನೇ ಮಾತಾಡ್ಲಿಕ್ಕೆ ಮಾಡಿದ್ದು ಅಂದ್ಕೊಂಡೆ. ಸ್ವಲ್ಪ ಹೊತ್ತು ಆಯಿ ಆರೋಗ್ಯ, ಮಳೆ, ಅಂತ ಮಾತಾಡಿ ಆಮೇಲೆ "ಅಣ್ಣಾ, ನಿಂಗೆ ಬೇಕಾದ್ರೆ ನೀನೇ ಕೇಳಲಾಗಿತ್ತಲಾ, ಯಾರ ಕೈಲೋ ಕೇಳ್ಸದು ಎಂತಕ್ಕೆ" ಅಂದ್ಳು. ಎಂತದು ಅಂತ ನನಗೆ ತಲೆಬುಡ ಗೊತ್ತಾಗ್ಲಿಲ್ಲ. ಆಮೇಲೆ ಅವಳು ವಾಟ್ಸಾಪಲ್ಲಿ ಕಳಿಸಿದ ಪಿಡಿಎಫ್ ತೆಗೆದು ನೋಡಿದೆ. ಹಕ್ಕು ಬಿಡುಗಡೆ ಪತ್ರ. ನಿಮ್ಮ ಕಂಪನಿ ತಯಾರಿಸಿದ್ದು, ಮೊದಲ ಪುಟದಲ್ಲಿ ನನ್ನ ಪಾಸ್‌ಪೋರ್ಟಿನ ಫೋಟೋ, ಬರೆಸಿಕೊಂಡವರು ಅಂತ ನನ್ನ ಹೆಸರು. ಅರಿಶಿಣ ಕುಂಕುಮದ ಬಾಬ್ತು 1,000 ರೂಪಾಯಿ ಪಡೆದು, ಸ್ವಂತ ಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ ತವರಿನ ಆಸ್ತಿಯ ಮೇಲಿನ ಸರ್ವ ಹಕ್ಕು ಬಿಟ್ಟಿದ್ದೇನೆ ಅಂತ ಅವಳ ಬಾಯಲ್ಲಿ ಬರೆಸಿದ್ದೀರಿ. ಅದ್ರ ಜೊತೆ ನಿಮ್ಮ ಆಫೀಸಿಂದ ಎರಡು ಸಲ ಫೋನು, ಮೇಡಂ ಅಣ್ಣ ಫಾರಿನ್ನಲ್ಲಿ ಇದ್ದಾರೆ ಬೇಗ ಸಹಿ ಮಾಡಿ ಕಳಿಸಿ ಅಂತ. ಎರಡನೇ ಸಲ ಫೋನ್ ಎತ್ತಿದ್ದು ಅವಳ ಅತ್ತೆ.

ಯಾಕೆ ಹೀಗೆ ಮಾಡಿದ್ರಿ ಅಂತ ಕೇಳಿದ್ದಕ್ಕೆ ನಿಮ್ಮ ಮೂರನೇ ಮ್ಯಾನೇಜರ್ ಕೊಟ್ಟ ಉತ್ತರ, ಸರ್ ವಂಶವೃಕ್ಷದಲ್ಲಿ ಮಗಳು ವಿವಾಹಿತೆ ಅಂತ ಇದ್ರೆ ರಿಲೀಸ್ ಡೀಡ್ ನಮ್ಮ ಸ್ಟ್ಯಾಂಡರ್ಡ್ ಪ್ರೊಸೆಸ್. ಮದುವೆ ಆದ ಮಗಳು ಅಂದ್ರೆ ಹಕ್ಕು ಬಿಡೋವಳು ಅಂತ ನಿಮ್ಮ ಕಂಪ್ಯೂಟರಿಗೆ ಕಲಿಸಿಟ್ಟವ್ರು ಯಾರು? ವಿಲ್ ಬರೀದೇ ಅಪ್ಪ ತೀರಿಕೊಂಡ್ರೆ ಅವನ ಪಾಲಲ್ಲಿ ಮಗನಷ್ಟೇ ಮಗಳೂ ವಾರಸುದಾರಳು ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಬಂದಾಗಿದೆ, ಮೇಲಿಂದ 2005ರ ತಿದ್ದುಪಡಿ ಬೇರೆ. ಕಾಯ್ದೆ ಹೋಗ್ಲಿ, ಮೂರು ಹೆಸರು ಅಂತ ನಾನು ಫಾರಂ ತುಂಬಿ ಕೊಟ್ಟಿದ್ದೇನೆ, ನಿಮ್ಮ ಆಪಲ್ಲೇ ಇದೆ, ತೆಗೆದು ನೋಡಿ.

ಅಪ್ಪಯ್ಯನ ಕೊನೆ ಎರಡು ವರ್ಷ ಕುಮಟೆಯಿಂದ ಘಟ್ಟ ಹತ್ತಿ ಬಂದು ಆಸ್ಪತ್ರೆ ಔಷಧಿ ಅಂತ ಓಡಾಡಿದವಳು ಅವಳು. ನಾನು ಇಲ್ಲಿಂದ ದುಡ್ಡು ಹಾಕ್ತಿದ್ದೆ, ಅಷ್ಟೇ. ಅಂಥವಳಿಗೆ ಅರಿಶಿಣ ಕುಂಕುಮ ಅಂತ ಸಾವಿರ ರೂಪಾಯಿಯ ಕಾಗದ ನನ್ನ ಫೋಟೋ ಹಚ್ಚಿ ಕಳಿಸಿದ್ದೀರಿ.

ಇತ್ತ ನಿಮ್ಮ ಆಪಲ್ಲಿ ಪ್ರಗತಿಯಲ್ಲಿದೆ ಪ್ರಗತಿಯಲ್ಲಿದೆ ಅಂತ ಹಸಿರು ದೀಪ ಉರೀತಾ ಇರುವಾಗ ಅಲ್ಲಿ ಸೊಸೈಟಿಯಲ್ಲಿ ಅಪ್ಪಯ್ಯನ ಹೆಸರಿನ ಬೆಳೆಸಾಲ ನವೀಕರಣ ನಿಂತಿತ್ತು, ಬೆಳೆ ವಿಮೆಗೆ ಕಂತು ಕಟ್ಟೋ ಅವಧಿಯೂ ಮುಗೀತು. ಮಳೆ ಬಿಡ್ಲಿಲ್ಲ, ಎರಡು ಸಲ ಮದ್ದು ಹೊಡೆಸಿದ್ರೂ ಅಡಿಕೆಗೆ ಕೊಳೆ ರೋಗ ಬಂತು. ವಿಮೆ ಇದ್ರೆ ಎಷ್ಟು ಬರ್ತಿತ್ತೋ ಏನೋ, ಕೈ ತಪ್ಪಿದ್ದಂತೂ ಹೌದು. ಸೆಪ್ಟೆಂಬರಲ್ಲಿ ಚಿಕ್ಕಪ್ಪನ ಮಗ ಬೇಸತ್ತು ತಾಲೂಕು ಆಫೀಸಿನ ಹತ್ರ ಕೂರೋ ಪತ್ರ ಬರಹಗಾರರ ಹತ್ರ ಹೋದ. ಅವರು ನಾಡಕಚೇರಿಗೆ ಅರ್ಜಿ ಹಾಕಿಸಿ, ವಿಎ (ಗ್ರಾಮ ಲೆಕ್ಕಿಗ) ಹತ್ರ ಪಂಚನಾಮೆ ಮಾಡಿಸಿ, ನೋಟಿಸ್ ಅವಧಿ ಮುಗಿದ ಮೇಲೆ ಮೂರು ಹೆಸರಿನ ಪಹಣಿ ಕೈಗೆ ಕೊಟ್ರು. ತಗೊಂಡಿದ್ದು ಎರಡೂವರೆ ಸಾವಿರ, ಚಾ ಕುಡಿಸಿ ಕಳಿಸಿದ್ರಂತೆ ಬೇರೆ.

ಅಕ್ಟೋಬರಲ್ಲಿ ವರ್ಷಾಂತಕ್ಕೆ ಊರಿಗೆ ಹೋಗಿದ್ದೆ. ತಂಗಿ ಬಂದಿದ್ಲು, ಕೆಲಸ ಎಲ್ಲ ಮಾಡಿದ್ಲು. ಊಟ ಆದ ಮೇಲೆ ಜಗುಲಿಯಲ್ಲಿ ಕೂತು ಹೊಸ ಪಹಣಿ ತೋರಿಸಿ ಇಲ್ನೋಡು ನಿನ್ನ ಹೆಸರು ಅಂದೆ, ಆ ಕಾಗದ ನಾ ಹೇಳಿ ಮಾಡ್ಸಿದ್ದಲ್ಲ ಅಂತ ಮತ್ತೆ ಹೇಳಿದೆ. "ಅದೆಲ್ಲ ಇರ್ಲಿ ಬಿಡಾ ಅಣ್ಣಾ" ಅಂದ್ಳು. ಯಾವಾಗ್ಲೂ ಬಂದ್ರೆ ನಾಕು ದಿನ ಉಳಿಯೋವಳು ಸಂಜೆ ಬಸ್ಸಿಗೇ ಹೊರಟ್ಲು. ಆ ಪಿಡಿಎಫ್ ಅವಳ ಫೋನಲ್ಲಿ ಇನ್ನೂ ಇದೆ.

ಈಗ ನನಗೆ ಬೇಕಾದ್ದು ಹೇಳ್ತೇನೆ. ಕಟ್ಟಿದ 48,000 ಪೂರ್ತಿ, ಜೊತೆಗೆ ನೋಟರಿ ಬಿಲ್ಲು, ಕಾರವಾರದಲ್ಲಿ ಕಟ್ಟಿದ ದಂಡ. ಇವೆಲ್ಲ ನನ್ನ ಎನ್‌ಆರ್‌ಓ ಬ್ಯಾಂಕ್ ಅಕೌಂಟಿಗೆ ಬರ್ಬೇಕು, ನಿಮ್ಮ ಆಪಿನ ಕ್ರೆಡಿಟ್ ಪಾಯಿಂಟು ನನಗೆ ಬೇಡ. ಅಪ್ಪಯ್ಯ ಮತ್ತೆ ಚಿಕ್ಕಪ್ಪ ಪಾಲಾದಾಗಿನ 1978ರ ಪಾಲುಪಟ್ಟಿಯ ಅಸಲು ನಿಮ್ಮ ಹತ್ರ ಇದೆ, ಸ್ಕ್ಯಾನ್ ಮಾಡಿ ವಾರದಲ್ಲಿ ಕೊಡ್ತೇವೆ ಅಂತ ಒಯ್ದದ್ದು. ಅದು ಸ್ಪೀಡ್ ಪೋಸ್ಟಲ್ಲಿ ಆಯಿ ಕೈಗೆ ಮುಟ್ಟಬೇಕು. ದಯವಿಟ್ಟು ಫೀಲ್ಡ್ ಏಜೆಂಟ್ ಕೈಲಿ ಕಳಿಸ್ಬೇಡಿ, ಅವನು ಸೀದಾ ಸಮುದ್ರದ ಬದಿಗೆ ಹೋಗ್ತಾನೆ.

ಮತ್ತೆ ತಂಗಿಗೆ ಪತ್ರ. ನಿಮ್ಮ ಲೆಟರ್‌ಹೆಡ್ಡಲ್ಲಿ, ಕನ್ನಡದಲ್ಲಿ, ಜವಾಬ್ದಾರಿ ಇರೋ ಒಬ್ರ ಸಹಿ ಹಾಕಿ. ಆ ಬಿಡುಗಡೆ ಪತ್ರವನ್ನ ಅಣ್ಣ ಕೇಳಿರ್ಲಿಲ್ಲ, ಅವರಿಗೆ ಗೊತ್ತೂ ಇರ್ಲಿಲ್ಲ, ನಾವೇ ನಮ್ಮ ಪದ್ಧತಿ ಅಂತ ತಯಾರಿಸಿ ಕಳಿಸಿದ್ದು, ಫೋನ್ ಮಾಡಿದ್ದೂ ನಾವೇ, ತಪ್ಪಾಗಿದೆ ಅಂತ ಇಷ್ಟು ಸಾಕು. ಅವಳ ಕುಮಟೆ ವಿಳಾಸ ನಿಮ್ಮ ಹತ್ರ ಇದ್ದೇ ಇದೆ, ಅತ್ತೆ ಮನೆಯವ್ರೂ ಓದೋ ಹಾಗೆ ಅಂಚೆಯಲ್ಲೇ ಹೋಗ್ಲಿ. ಇನ್ನು ಮೇಲೆ ಅವಳಿಗಾಗ್ಲಿ ಆಯಿಗಾಗ್ಲಿ ನಿಮ್ಮಿಂದ ಒಂದು ಫೋನೂ ಹೋಗ್ಬಾರ್ದು.

ಹದಿನೈದು ದಿನ ನೋಡ್ತೇನೆ. ಏನೇ ತಕರಾರು ಇದ್ರೂ ಬೆಂಗಳೂರು ಕೋರ್ಟು ಅಂತ ನಿಮ್ಮ ಷರತ್ತಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದ್ದು ಓದಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರನ್ನ ಇ-ಜಾಗೃತಿ ಪೋರ್ಟಲಲ್ಲಿ ಇಲ್ಲಿಂದಲೇ ಹಾಕ್ಬಹುದು, 5 ಲಕ್ಷದ ಒಳಗಿನದ್ದಕ್ಕೆ ಫೀ ಕೂಡ ಇಲ್ಲ. ನಾನು ಹಾಕೋದು ಕಾರವಾರದ ಜಿಲ್ಲಾ ಆಯೋಗದಲ್ಲಿ. ಬರೋವಾಗ ಮಳೆಗಾಲ ನೋಡ್ಕೊಂಡು ಬನ್ನಿ.

ಲಗತ್ತು: ಪಾವತಿ ರಸೀದಿಗಳು, ಕೊರಿಯರ್ ದಾಖಲೆ, ಮರಳಿನ ಐದು ಫೋಟೋ, ಆ ಬಿಡುಗಡೆ ಪತ್ರ, ನನ್ನ ಹಿಂದಿನ ಎಂಟು ಮೇಲ್.

ಇಂತಿ,
ನಿಮ್ಮ ಆಪಲ್ಲಿ ಇನ್ನೂ "ಪ್ರಗತಿಯಲ್ಲಿದೆ" ಅಂತ ತೋರಿಸ್ತಾ ಇರೋ ಗ್ರಾಹಕ,
ನ್ಯೂರೆಂಬರ್ಗ್, ನವೆಂಬರ್ 2025