ಮ್ಯೂಸಿಯಂ ನೋಡಿದವರು ಗುಡ್ಡವನ್ನೂ ನೋಡುವಂತಾಗಲಿ

ಮಾನ್ಯ ಸಂಪಾದಕರೇ,

ಬಳ್ಳಾರಿಗೆ ಬಂದವರು ಕೋಟೆ ಹತ್ತಿ ಇಳಿದು ಹಂಪಿಯ ದಾರಿ ಹಿಡಿಯುತ್ತಾರೆ. ಊರಲ್ಲೇ ಇರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ಮ್ಯೂಸಿಯಂ ಬಗ್ಗೆ ಇಲ್ಲಿನವರಲ್ಲೇ ಅನೇಕರಿಗೆ ಗೊತ್ತಿಲ್ಲ. ಈಚೆಗೆ ನಮ್ಮ ಪ್ರೌಢಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ನೋಡಿ ಮುಗಿದ ಮೇಲೆ ಒಬ್ಬ ಹುಡುಗಿ, ‘ಸರ್, ಇವು ಸಿಕ್ಕ ಗುಡ್ಡಕ್ಕ ಹೋಗಾಣೇನ್ರಿ?’ ಎಂದಳು. ಆ ಪ್ರಶ್ನೆಯೇ ಈ ಪತ್ರಕ್ಕೆ ಕಾರಣ.

ಅಲ್ಲಿನ ಕಲ್ಲುಕೊಡಲಿಗಳ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಬೇಕು. ಚಕ್ಕೆ ಎಬ್ಬಿಸಿದ ಒರಟು ಕಲ್ಲು ಒಂದು ಕಡೆ, ಉಜ್ಜಿ ಉಜ್ಜಿ ನುಣುಪಾದ ಅಂಚಿನ ಕೊಡಲಿ ಇನ್ನೊಂದು ಕಡೆ. ನಡುವಿನ ಕೆಲಸವೆಲ್ಲ ನಡೆದದ್ದು ಸಂಗನಕಲ್ಲು–ಕಪ್ಪಗಲ್ಲು ಸೀಮೆಯ ಹಿರೇಗುಡ್ಡದಲ್ಲಿ. ಗ್ರಾನೈಟ್ ಗುಡ್ಡದ ನಡುವೆ ಹಾದುಹೋದ ಕಪ್ಪು ಡಾಲರೈಟ್ ಕಲ್ಲನ್ನು ಒಡೆದು, ಕೆತ್ತಿ, ಬಂಡೆಯ ಮೇಲೆ ಮಸೆದು ಮೂರು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿ ಕೊಡಲಿ ತಯಾರಿಸುತ್ತಿದ್ದರು. ಮಸೆದ ಜಾಗದಲ್ಲಿ ಬಿದ್ದ ಉದ್ದನೆಯ ಗುಳಿಗಳು ಬಂಡೆಗಳ ಮೇಲೆ ಈಗಲೂ ಇವೆ. ಅದೇ ಜನ ದನ ಸಾಕಿದರು, ಹುರುಳಿ, ಹೆಸರು ಬೆಳೆದರು. ಇವತ್ತಿಗೂ ನಮ್ಮ ಅಡುಗೆಮನೆಯಲ್ಲಿ ಹುರುಳಿಸಾರು ಕುದಿಯುತ್ತದೆ ಎಂದಾಗ ಮಕ್ಕಳ ಮುಖ ಅರಳಿತು. ರಾಜರ ವಂಶಾವಳಿ ಬಾಯಿಪಾಠ ಮಾಡಿಸುವಾಗ ನಾನು ಆ ಅರಳುವಿಕೆ ಕಂಡಿಲ್ಲ.

ಭೂವಿಜ್ಞಾನಿ ಫೂಟ್ 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಉಪಕರಣ ಗುರುತಿಸಿದವರು. ನಮ್ಮ ಜಿಲ್ಲೆಯನ್ನೂ ಸುತ್ತಿ, ಇಲ್ಲಿನ ಭೂವಿಜ್ಞಾನದ ಬಗ್ಗೆ ಅವರು ಬರೆದ ಗ್ರಂಥ 1895ರಲ್ಲಿ ಬಂತು. ಅವರ ಸಂಗ್ರಹ ಮಾತ್ರ 1904ರಲ್ಲಿ ಮದ್ರಾಸ್ ಮ್ಯೂಸಿಯಂ ಸೇರಿತು. ಆಮೇಲೆ ಬಿ. ಸುಬ್ಬರಾವ್ ಸಂಗನಕಲ್ಲಿನಲ್ಲಿ ಉತ್ಖನನ ಮಾಡಿದರು. ಈಚಿನ ದಶಕಗಳಲ್ಲಿ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಅದನ್ನು ಮುಂದುವರಿಸಿದರು. ಈ ಬಾರಿಯಾದರೂ ಇಲ್ಲಿನ ವಸ್ತು ಇಲ್ಲೇ ಉಳಿಯಿತು ಎಂಬುದೇ ನನಗೆ ದೊಡ್ಡ ಸಮಾಧಾನ.

ಆದರೆ ಎಲ್ಲವನ್ನೂ ಮ್ಯೂಸಿಯಂಗೆ ತರಲಾಗದು. ಕಪ್ಪಗಲ್ಲಿನ ಕರಿಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಗೂಳಿಗಳ ಚಿತ್ರಗಳಿವೆ. ಬಡಿದರೆ ಗಂಟೆಯಂತೆ ದನಿ ಕೊಡುವ ಬಂಡೆಗಳಿವೆ. ಪದೇ ಪದೇ ಬಡಿದ ಗುರುತು ಅವುಗಳ ಮೈಮೇಲಿದೆ. ಕುಡತಿನಿಯ ಬೂದಿದಿಬ್ಬವನ್ನು ರಕ್ಕಸರನ್ನು ಸುಟ್ಟ ಬೂದಿ ಎಂದು ಹಿರಿಯರು ಹೇಳುತ್ತಿದ್ದರು. ಅದು ಆ ದನಗಾಹಿಗಳು ರಾಶಿ ಹಾಕಿ ಸುಟ್ಟ ಸಗಣಿ ಎಂದು ಸಂಶೋಧನೆ ತೋರಿಸಿದೆ. ಇವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವುದು ಹೇಗೆ?

ಕಲ್ಲುಗಣಿಯಿಂದ ಹಿರೇಗುಡ್ಡಕ್ಕೆ ಆಗುತ್ತಿರುವ ಹಾನಿಯನ್ನು ಸಂಶೋಧಕರು ಎರಡು ದಶಕಗಳ ಹಿಂದೆಯೇ ಬರೆದು ಎಚ್ಚರಿಸಿದ್ದಾರೆ. ಸಿಡಿಮದ್ದಿಗೆ ಹೋದ ಬಂಡೆ ಮತ್ತೆ ಬಾರದು. ರಸ್ತೆಗೆ, ಕಟ್ಟಡಕ್ಕೆ ಜಲ್ಲಿ ಬೇಕು, ನಿಜ. ಅದಕ್ಕೆ ಜಿಲ್ಲೆಯಲ್ಲಿ ಬೇರೆ ಗುಡ್ಡಗಳಿಲ್ಲವೇ?

ಜಿಲ್ಲಾಡಳಿತ ಮತ್ತು ಪುರಾತತ್ವ ಇಲಾಖೆ ಒಟ್ಟಿಗೆ ಸ್ಥಳಕ್ಕೆ ಹೋಗಿ, ಚಿತ್ರವಿರುವ, ಮಸೆದ ಗುಳಿಗಳಿರುವ ಜಾಗಗಳ ಗಡಿ ಗುರುತಿಸಿ ಕಲ್ಲು ನೆಡಿಸಬೇಕು. ಅದರ ಸುತ್ತ ಯಾವ ಕಾರಣಕ್ಕೂ ಗಣಿಗೆ ಅವಕಾಶ ಕೊಡಬಾರದು. ಊರಿನ ಒಂದಿಬ್ಬರು ಯುವಕರಿಗೆ ತರಬೇತಿ ಕೊಟ್ಟು ಮಾರ್ಗದರ್ಶಿಗಳಾಗಿ ನೇಮಿಸಿದರೆ ಕಾವಲೂ ಆಗುತ್ತದೆ, ಅವರಿಗೆ ಸಂಬಳವೂ ಸಿಗುತ್ತದೆ. ಡಿಸೆಂಬರಿನಲ್ಲಿ ಶಾಲೆಗಳ ಪ್ರವಾಸ ಶುರುವಾಗುತ್ತದೆ. ಬೆಳಿಗ್ಗೆ ಮ್ಯೂಸಿಯಂ, ಬಿಸಿಲು ಇಳಿದ ಮೇಲೆ ಗುಡ್ಡ ಎಂದು ಶಿಕ್ಷಣ ಇಲಾಖೆ ಅಷ್ಟರೊಳಗೆ ಒಂದು ಸುತ್ತೋಲೆ ಹೊರಡಿಸಲಿ.

– ಸಮಾಜ ವಿಜ್ಞಾನ ಶಿಕ್ಷಕ, ಸಿರುಗುಪ್ಪ