ಚಿಂಚೋಳಿಯ ಮತದಾರರು ಮೇ ತಿಂಗಳಲ್ಲಿ ಊರಲ್ಲಿರುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ಚಿಂಚೋಳಿ ಗೆದ್ದ ಪಕ್ಷದ್ದೇ ಸರ್ಕಾರ ಅನ್ನೋ ಮಾತು ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಬಹಳ ದಿನದಿಂದ ಇದೆ. ಸುಮ್ನೆ ಹುಟ್ಟಿದ ಮಾತಲ್ಲ ಅದು. 1989ರಲ್ಲಿ ಇಲ್ಲಿಂದ ಗೆದ್ದ ವೀರೇಂದ್ರ ಪಾಟೀಲರೇ ಮುಖ್ಯಮಂತ್ರಿಯಾದರು. 1994ರಲ್ಲಿ ಜನತಾದಳದ ವೈಜನಾಥ ಪಾಟೀಲರು ಗೆದ್ದರು, ದಳದ ಸರ್ಕಾರವೇ ಬಂತು. 2008ರಲ್ಲಿ ಬಿಜೆಪಿಯ ಸುನೀಲ್ ವಲ್ಯಾಪುರೆ, 2013ರಲ್ಲಿ ಕಾಂಗ್ರೆಸ್ಸಿನ ಡಾ. ಉಮೇಶ ಜಾಧವ. ಎರಡೂ ಸಲ ಬೆಂಗಳೂರಿನಲ್ಲೂ ಅದೇ ಪಕ್ಷ. 2018ರಲ್ಲಿ ಮತ್ತೆ ಗೆದ್ದ ಜಾಧವರು ಮರುವರ್ಷವೇ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು. ಲೋಕಸಭೆಗೆ ನಿಂತು ಮಲ್ಲಿಕಾರ್ಜುನ ಖರ್ಗೆಯವರನ್ನು ಸೋಲಿಸಿದರು. ಚಿಂಚೋಳಿಯ ಉಪಚುನಾವಣೆಯಲ್ಲಿ ಜಾಧವರ ಮಗ ಅವಿನಾಶ ಬಿಜೆಪಿಯಿಂದ ಗೆದ್ದರು. ಎರಡು ತಿಂಗಳಲ್ಲಿ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರ ಬಿದ್ದು ಬಿಜೆಪಿ ಬಂತು. 2023ರಲ್ಲಿ ಮಾತ್ರ ಈ ನಂಬಿಕೆ ಮುರಿಯಿತು. ಅವಿನಾಶ ಜಾಧವ ಗೆದ್ದರು, ಸರ್ಕಾರ ಕಾಂಗ್ರೆಸ್ಸಿನದಾಯಿತು.

ಎಲ್ಲರೂ ನಂಬಿಕೆ ಮುರಿದದ್ದನ್ನೇ ಮಾತಾಡಿದರು. ನನ್ನ ಕಣ್ಣಿಗೆ ಬಿದ್ದದ್ದು ಗೆಲುವಿನ ಅಂತರ. ಬರೀ 858 ಮತ! 2008ರಲ್ಲಿ ನಮ್ಮದೇ ಜಿಲ್ಲೆಯ ಜೇವರ್ಗಿಯಲ್ಲಿ ಮಾಜಿ ಮುಖ್ಯಮಂತ್ರಿ ಧರ್ಮಸಿಂಗ್ ಅವರು 70 ಮತಗಳಿಂದ ಸೋತದ್ದು ಹಲವರಿಗೆ ನೆನಪಿರಬಹುದು. ಯಾರು ಗೆಲ್ಲಬೇಕಿತ್ತು ಅನ್ನೋದು ನನ್ನ ವಿಷಯವಲ್ಲ. ಇಷ್ಟು ಸಣ್ಣ ಅಂತರದಲ್ಲಿ ಫಲಿತಾಂಶ ಬರುವ ಕಡೆ ಎಷ್ಟು ಜನ ಮತಗಟ್ಟೆಗೆ ಬರಲಾಗದೆ ಉಳಿದರು ಅಂತ ಯಾರಾದರೂ ಕೇಳಬೇಕಲ್ವಾ?

ನಾನು ನಿವೃತ್ತ ಶಿಕ್ಷಕಿ. ಮತದಾರರ ಪಟ್ಟಿ ನೋಡಿಕೊಳ್ಳುವ ಮತಗಟ್ಟೆ ಮಟ್ಟದ ಅಧಿಕಾರಿಯಾಗಿ, ಅಂದರೆ ಬಿಎಲ್‌ಒ ಆಗಿ, ಕುಂಚಾವರಂ ಕಡೆಯ ತಾಂಡಾಗಳಲ್ಲಿ ಮನೆ ಮನೆ ತಿರುಗಿದವಳು. ತೊಗರಿ ರಾಶಿ ಮುಗಿಯುತ್ತಿದ್ದಂತೆ ಅಲ್ಲಿ ಗುಳೆ ಶುರುವಾಗುತ್ತದೆ. ಪುಣೆ, ಮುಂಬೈ, ಹೈದರಾಬಾದ್. ಗಂಡ, ಹೆಂಡತಿ, ಎದೆಹಾಲಿನ ಕೂಸು, ಎಲ್ಲರೂ ಹೊರಡುತ್ತಾರೆ. ಊರಲ್ಲಿ ಉಳಿಯುವವರು ಮುದುಕರು ಮತ್ತು ಶಾಲೆಗೆ ಹೋಗುವ ಮಕ್ಕಳು. ಮುಂಗಾರು ಹತ್ತಿರ ಬಂದಾಗಲೇ ವಾಪಸ್ ಬರುವುದು. ನಮ್ಮ ವಿಧಾನಸಭೆ ಚುನಾವಣೆ ಯಾವಾಗ? 2008, 2013, 2018, 2023, ನಾಲ್ಕೂ ಸಲ ಮೇ ತಿಂಗಳು. 2019ರ ಉಪಚುನಾವಣೆಯೂ ಮೇ 19ಕ್ಕೆ.

ಮತದಾರರ ಚೀಟಿ ಹಂಚಲು ಹೋದರೆ ಸಾಲು ಸಾಲು ಮನೆಗೆ ಬೀಗ. ಕೆಲವು ಮನೆಗಳ ಬಾಗಿಲಿಗೆ ಆಡು ನುಗ್ಗದಂತೆ ಜಾಲಿ ಮುಳ್ಳು ಅಡ್ಡ ಇಟ್ಟಿರುತ್ತಾರೆ. ಒಬ್ಬ ಅಜ್ಜಿ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳ ಚೀಟಿಗಳನ್ನು ಇಸಿದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. ಬರ್ತಾರಾ ಅಂತ ಕೇಳಿದೆ. ಗಾಡಿ ಕಳಿಸಿದರೆ ಬರ್ತಾರೆ ಬಾಯಿ, ಅಂದಳು.

ಗಾಡಿ ಕಳಿಸುವವರು ಯಾರು? ಮತದಾನಕ್ಕೆ ಒಂದೆರಡು ದಿನ ಇರುವಾಗ ಕ್ರೂಸರ್, ಖಾಸಗಿ ಬಸ್ಸು ತುಂಬಿ ಜನ ಬಂದಿಳಿಯುತ್ತಾರೆ. ಬಾಡಿಗೆ ಕೊಟ್ಟವರು ಯಾರು ಅಂತ ಊರಿಗೆಲ್ಲ ಗೊತ್ತು. ಅಭ್ಯರ್ಥಿ ವಾಹನ ಮಾಡಿ ಮತದಾರರನ್ನು ಮತಗಟ್ಟೆಗೆ ಸಾಗಿಸುವುದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯಲ್ಲಿ ಭ್ರಷ್ಟ ಆಚರಣೆ. ಆದರೆ ಬಡವನ ದುಡಿಮೆ ಹೋಗಿ, ಬಸ್ ಚಾರ್ಜೂ ಕೈಯಿಂದ ಹೋಗುವುದಾದರೆ ಅವನಾದರೂ ಏನು ಮಾಡಬೇಕು? ಗಾಡಿ ಹತ್ತಿದವನು ಋಣದಲ್ಲೇ ಮತ ಹಾಕುತ್ತಾನೆ. ಹತ್ತದವನ ಮತ ಬೀಳುವುದೇ ಇಲ್ಲ. ಮತದಾನದ ದಿನ ಸಂಬಳದ ರಜೆ ಕೊಡಬೇಕು, ದಿನಗೂಲಿಯವರಿಗೂ ಕೊಡಬೇಕು ಅಂತ ಅದೇ ಕಾಯ್ದೆಯಲ್ಲಿದೆ. ಪುಣೆಯಲ್ಲಿ ಗಾರೆ ಹೊರುವವಳಿಗೆ ಒಂದು ದಿನದ ರಜೆ ಸಿಕ್ಕರೂ ಅಷ್ಟರಲ್ಲಿ ಕುಂಚಾವರಂಗೆ ಬಂದು ಹೋಗಲು ಆಗುತ್ತಾ?

ಇನ್ನೊಂದು ಸಂಕಟ ಪಟ್ಟಿಯದು. ಪರಿಷ್ಕರಣೆ ಸಾಮಾನ್ಯವಾಗಿ ಚಳಿಗಾಲದಲ್ಲಿ ನಡೆದು ಜನವರಿಗೆ ಮುಗಿಯುತ್ತದೆ. ಬೀಗ ಹಾಕಿದ ಮನೆಯವರನ್ನು ‘ಸ್ಥಳಾಂತರ’ ಅಂತ ಬರೆದುಬಿಡುವುದು ಸುಲಭ. ಅವರು ಸ್ಥಳಾಂತರ ಆದವರಲ್ಲ. ಹೊಲ ಇಲ್ಲಿದೆ, ರೇಷನ್ ಕಾರ್ಡ್ ಇಲ್ಲಿದೆ, ಮಕ್ಕಳ ಶಾಲೆ ಇಲ್ಲಿದೆ.

ಚುನಾವಣಾ ಆಯೋಗ 2023ರ ಜನವರಿಯಲ್ಲಿ ದೂರದಿಂದಲೇ ಮತ ಹಾಕುವ ಯಂತ್ರದ ಮಾದರಿಯನ್ನು ಪಕ್ಷಗಳ ಮುಂದಿಟ್ಟಿತ್ತು. ಒಂದೇ ಯಂತ್ರದಲ್ಲಿ 72 ಕ್ಷೇತ್ರಗಳ ಮತ ಹಾಕಬಹುದು ಅಂದಿತ್ತು. ಹಲವು ಪಕ್ಷಗಳು ಒಪ್ಪಲಿಲ್ಲ. ಅವರ ಅನುಮಾನಗಳನ್ನು ನಾನು ತಳ್ಳಿಹಾಕುವುದಿಲ್ಲ. ಅದು ಇತ್ಯರ್ಥ ಆಗುವವರೆಗೆ ನಾನು ಕೇಳುವುದು ಸಣ್ಣದು. ತಾಂಡಾಗಳ ಪಟ್ಟಿಯನ್ನು ಜೂನ್‌ನಿಂದ ಆಗಸ್ಟ್ ಒಳಗೆ, ಜನ ಬಿತ್ತನೆಗೆ ಊರಲ್ಲಿರುವಾಗ ಮನೆಗೆ ಹೋಗಿ ನೋಡಿ. ಮತದಾನಕ್ಕೆ ಎರಡು ದಿನ ಮೊದಲು ಪುಣೆ, ಮುಂಬೈ, ಹೈದರಾಬಾದಿನಿಂದ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಬಸ್ಸುಗಳನ್ನು ಓಡಿಸಿ, ಮತದಾರರ ಗುರುತಿನ ಚೀಟಿ ತೋರಿಸಿದವರಿಗೆ ಹೋಗಿ ಬರಲು ಟಿಕೆಟ್ ಬೇಡ ಅನ್ನಿ. ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ ಮಾತ್ರ, ಅದೂ ರಾಜ್ಯದ ಗಡಿಯವರೆಗೆ. ಗಡಿಯಾಚೆ ದುಡಿಯುವವರಿಗೆ ಅದು ಸಿಗುವುದಿಲ್ಲ.

2008ರಿಂದ ನಮ್ಮದು ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. 2013ರಿಂದ ಗೆದ್ದವರು ತಾಂಡಾದ ಮಕ್ಕಳೇ, ಅದು ನನಗೂ ಹೆಮ್ಮೆ. ಆ ಹೆಮ್ಮೆಯಲ್ಲಿ ಗುಳೆ ಹೋದವರಿಗೂ ಪಾಲು ಇರಬೇಕು. ಈ ಸರ್ಕಾರ ಪೂರ್ತಿ ಅವಧಿ ಮುಗಿಸಿದರೆ 2028ರ ಚುನಾವಣೆಯೂ ಮೇ ತಿಂಗಳ ಹೊತ್ತಿಗೇ ಬರುತ್ತದೆ. ಅದಕ್ಕೆ ಮುಂಚೆ ನಿಮ್ಮ ವರದಿಗಾರರನ್ನು ಜುಲೈನಲ್ಲಿ ಒಮ್ಮೆ, ಫೆಬ್ರುವರಿಯಲ್ಲಿ ಒಮ್ಮೆ ಈ ತಾಂಡಾಗಳಿಗೆ ಕಳಿಸಿ, ಎರಡೂ ಸಲ ಕಂಡದ್ದನ್ನು ಬರೆಯಿಸಿ ಅಂತ ಕೇಳಿಕೊಳ್ಳುತ್ತೇನೆ.

ನಿವೃತ್ತ ಶಿಕ್ಷಕಿ, ಚಿಂಚೋಳಿ