ಕಾಸರಗೋಡು ರೈಲು ನಿಲ್ದಾಣದ ಹೊಸ ರೂಪದಲ್ಲಿ ನಮ್ಮ ಮಳೆಗೂ ಮಾತಿಗೂ ಜಾಗವಿರಲಿ

ಇವರಿಗೆ,
ಮಾನ್ಯ ವಿಭಾಗೀಯ ರೈಲ್ವೆ ಪ್ರಬಂಧಕರು,
ದಕ್ಷಿಣ ರೈಲ್ವೆ, ಪಾಲಕ್ಕಾಡ್ ವಿಭಾಗ.

ವಿಷಯ: ಕಾಸರಗೋಡು ನಿಲ್ದಾಣದ ಕಟ್ಟಡ, ಪ್ರಯಾಣಿಕರ ಸೌಕರ್ಯ ಮತ್ತು ಕನ್ನಡದ ಬಳಕೆ

ಮಾನ್ಯರೇ,

ಶೊರನೂರು ಕಡೆಯಿಂದ ಬಂದ ರೈಲು ಹಳಿ 1907ರಲ್ಲಿ ಮಂಗಳೂರು ಮುಟ್ಟಿತು. ಆಗ ಕಾಸರಗೋಡು, ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ಊರು. 1956ರ ನವೆಂಬರ್ 1ರಂದು ನಾವು ಕೇರಳದವರಾದೆವು. ಆದರೂ ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಜೋರಾದರೆ ನಾವು ಹತ್ತುವುದು ಮಂಗಳೂರಿನ ಗಾಡಿಯನ್ನೇ. ನಮ್ಮ ಮಕ್ಕಳಲ್ಲಿ ಅನೇಕರು ಕಾಲೇಜಿಗೆ ಹೋಗುವುದೂ ಅದರಲ್ಲೇ.

ನಿಲ್ದಾಣಗಳನ್ನು ಹೊಸದಾಗಿಸುವ ರೈಲ್ವೆಯ ಅಮೃತ ಭಾರತ ನಿಲ್ದಾಣ ಯೋಜನೆಯಲ್ಲಿ ನಮ್ಮ ಊರೂ ಸೇರಿರುವುದು ಸಂತೋಷದ ವಿಷಯ. ಹೊಸ ಕಟ್ಟಡದ ಮುಖ ಯಾವುದೋ ಮಹಾನಗರದ ಗಾಜಿನ ಗೋಡೆಯಂತೆ ಇರುವುದು ಬೇಡ. ಬೇಕಲ ಕೋಟೆಯನ್ನು ಎತ್ತಿ ನಿಲ್ಲಿಸಿದ್ದು ಇಲ್ಲಿಯ ಮುರಕಲ್ಲು, ಅಂದರೆ ಜಂಬಿಟ್ಟಿಗೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಸುಡತೊಡಗಿದ ಹೆಂಚು ಈ ಕರಾವಳಿಯ ಮನೆಮನೆಯ ಮಾಡಿಗೇರಿತು. ಇವೆರಡೂ ನಿಲ್ದಾಣದಲ್ಲಿ ಕಾಣಬೇಕು. ಹಳೆಯ ಕಾಲದ ಗೋಡೆ, ಕಂಬ, ಬಾಗಿಲು ಏನೇ ಉಳಿದಿದ್ದರೂ ಅದನ್ನು ಕೆಡವದೆ ಹೊಸದರೊಳಗೆ ಸೇರಿಸಿಕೊಳ್ಳಬೇಕು.

ಮಳೆಯ ಮಾತನ್ನು ಒತ್ತಿ ಹೇಳಬೇಕಾಗಿದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ನೆಟ್ಟಗೆ ಬೀಳುವುದಿಲ್ಲ, ಕಡಲ ಕಡೆಯಿಂದ ಓರೆಯಾಗಿ ಹೊಡೆಯುತ್ತದೆ. ನಮ್ಮ ಹಿರಿಯರು ಮನೆಯ ಮಾಡನ್ನು ಅಷ್ಟು ಕೆಳಕ್ಕೆ ಇಳಿಸುತ್ತಿದ್ದುದು ಈ ಎರಚಲಿಗಾಗಿಯೇ. ಪ್ಲಾಟ್‌ಫಾರ್ಮಿನ ಮಾಡು ಎತ್ತರವಾಗಿ, ಕಿರಿದಾಗಿ ಇದ್ದರೆ ಬೆಂಚಿನ ಮೇಲೆ ಕೂತವರೂ ತೊಯ್ಯುತ್ತಾರೆ. ಆದ್ದರಿಂದ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಅಗಲವಾದ ಇಳಿಮಾಡು ಬೇಕು. ಡಯಾಲಿಸಿಸ್ ಮುಗಿಸಿ ಸಂಜೆ ಮರಳುವವರು ಮೆಟ್ಟಿಲು ಹತ್ತಲಾರರು. ಅವರಿಗೆ ಲಿಫ್ಟ್ ಸದಾ ನಡೆಯುತ್ತಿರಬೇಕು, ಗಾಲಿಕುರ್ಚಿ ಕೇಳಿದ ಕೂಡಲೇ ಸಿಗಬೇಕು. ಕುಡಿಯುವ ನೀರು, ಶುಚಿಯಾದ ಶೌಚಾಲಯ ಹೇಗೂ ಇರಲೇಬೇಕಾದವು.

ಇನ್ನು ಭಾಷೆ. ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆಯಿಂದ ಬಸ್ಸಿನಲ್ಲಿ ಇಳಿದು ಬರುವ ಅಜ್ಜ ಅಜ್ಜಿಯರಲ್ಲಿ ಕನ್ನಡ ಮಾತ್ರ ಓದಬಲ್ಲವರು ಇದ್ದಾರೆ. ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ ಅವಕಾಶವನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೇ ನಮ್ಮಂಥವರಿಗೆ ಕೊಟ್ಟಿದೆ. ರೈಲ್ವೆ ಕೇಂದ್ರದ್ದು ನಿಜ, ಆದರೆ ಜನರು ಅವರೇ ತಾನೆ? ಊರಿನ ಹೆಸರಿನ ಫಲಕದಲ್ಲಷ್ಟೇ ಕನ್ನಡವಿದ್ದರೆ ಸಾಲದು. ಗಾಡಿ ಎಷ್ಟನೆಯ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಎಷ್ಟು ತಡ ಎಂಬ ಘೋಷಣೆ, ಟಿಕೆಟ್ ಕೌಂಟರಿನ ಸೂಚನೆ, ಲಿಫ್ಟಿನ ಪಕ್ಕದ ಬರಹ ಎಲ್ಲವೂ ಮಲಯಾಳದ ಜತೆಗೆ ಕನ್ನಡದಲ್ಲೂ ಇರಬೇಕು.

ನಕ್ಷೆ ಅಂತಿಮಗೊಳಿಸುವ ಕೆಲಸ ಯಾವುದಾದರೂ ಬಾಕಿ ಇದ್ದರೆ, ಅದಕ್ಕೆ ಮೊದಲು ನಿಲ್ದಾಣದಲ್ಲೇ ಒಂದು ದಿನ ಪ್ರಯಾಣಿಕರನ್ನು ಕರೆದು ಮಾತಾಡಿಸಬೇಕೆಂದು ಕೋರುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಕಾಸರಗೋಡಿನ ಕನ್ನಡ ನಿವಾಸಿಗಳು ಮತ್ತು ದಿನನಿತ್ಯದ ರೈಲು ಪ್ರಯಾಣಿಕರು